ಸಿಜಿನ್ಯಾಟ್ ಸಂಪರ್ಕದಲ್ಲಿ ಎಕೋಲಿಂಕ್ ನೋಡ್: ಸ್ಥಿರ ಐಪಿ ಬೇಕೆ, 44ರ ವಿಳಾಸ ಬೇಕೆ?

ಪ್ರಶ್ನೆ (ಮಂಡ್ಯ)
ನಮಸ್ಕಾರ. ಮನೆಯ 2 ಮೀಟರ್ ಬ್ಯಾಂಡಿನ ಹ್ಯಾಮ್ ರೇಡಿಯೋ ಸೆಟ್ಟನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸಿ, ಎಸ್‌ವಿಎಕ್ಸ್‌ಲಿಂಕ್ ತಂತ್ರಾಂಶದಲ್ಲಿ ಎಕೋಲಿಂಕ್ (ಹ್ಯಾಮ್ ಕೇಂದ್ರಗಳನ್ನು ಇಂಟರ್ನೆಟ್ ಮೂಲಕ ಜೋಡಿಸುವ ವ್ಯವಸ್ಥೆ) ನೋಡ್ ಸ್ಥಾಪಿಸಿದ್ದೇನೆ. ರೂಟರಿನಲ್ಲಿ ಯುಡಿಪಿ 5198 ಮತ್ತು 5199 ಪೋರ್ಟುಗಳನ್ನು ತೆರೆದರೂ ಹೊರಗಿನವರಿಗೆ ನೋಡ್ ಸಿಗುತ್ತಿಲ್ಲ. ಸಾರ್ವಜನಿಕ ಪ್ರಾಕ್ಸಿಯ (ನಡುವೆ ನಿಂತು ಸಂಪರ್ಕ ಒದಗಿಸುವ ಸರ್ವರಿನ) ಮೂಲಕ ಸಿಗುತ್ತದೆ. ಆದರೆ ವಿದ್ಯುತ್ ಹೋಗಿ ಬರುವಷ್ಟರಲ್ಲಿ ಆ ಪ್ರಾಕ್ಸಿಯನ್ನು ಬೇರೆ ಯಾರೋ ಹಿಡಿದಿರುತ್ತಾರೆ. ರೂಟರಿನ ಹೊರವಿಳಾಸ 100.72 ಎಂದು ಆರಂಭವಾಗುತ್ತದೆ. ಸ್ಥಿರ ಐಪಿಗೆ ಹಣ ಕೊಡಬೇಕೆ, ಹ್ಯಾಮ್ ಹವ್ಯಾಸಿಗಳಿಗೆ ಮೀಸಲಾದ, 44 ಎಂದು ಆರಂಭವಾಗುವ ಐಪಿ ವಿಳಾಸ ಕೇಳಬಹುದೆ, ಅಥವಾ ಈಗಿರುವ ಐಪಿವಿ6 ಸಾಕೆ? 73 (ಹ್ಯಾಮ್ ರೂಢಿಯ ಶುಭಾಶಯ).

ಉತ್ತರ 1 (ಮೈಸೂರು, ಕುವೆಂಪುನಗರ)
100.64ರಿಂದ 100.127ರವರೆಗಿನ ವಿಳಾಸಗಳನ್ನು ಸೇವಾದಾತರ ಒಳಬಳಕೆಗೆಂದೇ 2012ರಲ್ಲಿ ಮೀಸಲಿಡಲಾಗಿದೆ. ಅಂದರೆ ಹಲವು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಂಡಿದ್ದೀರಿ; ಇದೇ ಸಿಜಿನ್ಯಾಟ್. ವಠಾರದ ಹೆಬ್ಬಾಗಿಲಿಗೆ ಬಂದ ಅಂಚೆಯವನಿಗೆ ಮನೆಯ ಸಂಖ್ಯೆ ತಿಳಿಯದ ಸ್ಥಿತಿ ಇದು. ಬದಲಾಯಿಸಬೇಕಾದ ಸೆಟ್ಟಿಂಗ್ ಸೇವಾದಾತರ ಯಂತ್ರದಲ್ಲಿರುವುದರಿಂದ ನಿಮ್ಮ ರೂಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಪ್ರಯೋಜನವಿಲ್ಲ. ಎಕೋಲಿಂಕ್ ಐಪಿವಿ4ನಲ್ಲಿ ಮಾತ್ರ ನಡೆಯುವುದರಿಂದ ಐಪಿವಿ6 ಈ ಕೆಲಸಕ್ಕೆ ಒದಗುವುದಿಲ್ಲ.

ಉತ್ತರ 2 (ಮೈಸೂರು, ಸರಸ್ವತೀಪುರಂ)
44ರ ವಿಳಾಸಗಳು 1981ರಿಂದ ಹವ್ಯಾಸಿಗಳ ಪಾಲಿಗಿವೆ. 2019ರಲ್ಲಿ ಅವುಗಳಲ್ಲಿ ಕಾಲು ಭಾಗವನ್ನು, ಎಂದರೆ ಸುಮಾರು 40 ಲಕ್ಷ ವಿಳಾಸಗಳನ್ನು, ನಿರ್ವಾಹಕ ಸಂಸ್ಥೆಯಾದ ಎಆರ್‌ಡಿಸಿ ಅಮೆಜಾನ್‌ಗೆ ಮಾರಿತು (ಆ ಮಾರಾಟ ಸರಿಯೇ ಎಂಬ ವಾದ ಬೇರೆ, ಅದನ್ನು ಇಲ್ಲಿ ಎಳೆಯುವುದು ಬೇಡ). ಉಳಿದವು ಪರವಾನಗಿ ಇರುವವರಿಗೆ ಇಂದಿಗೂ ಶುಲ್ಕವಿಲ್ಲದೆ ದೊರೆಯುತ್ತವೆ. ಆದರೆ ವಿಳಾಸ ಕೈಗೆ ಬಂದ ಮಾತ್ರಕ್ಕೆ ಅದು ಮಂಡ್ಯದ ಮನೆಯವರೆಗೆ ತಲುಪುವುದಿಲ್ಲ. ಅದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಐಪಿಐಪಿ ಸುರಂಗದಲ್ಲಿ (ಒಂದು ಐಪಿ ಪ್ಯಾಕೆಟ್ಟನ್ನು ಇನ್ನೊಂದರೊಳಗಿಟ್ಟು ಕಳಿಸುವ ವಿಧಾನ) ಪೋರ್ಟ್ ಸಂಖ್ಯೆಗಳೇ ಇಲ್ಲದ ಕಾರಣ ಅದು ಸಿಜಿನ್ಯಾಟ್ ದಾಟುವುದಿಲ್ಲ. ಸಾರ್ವಜನಿಕ ವಿಳಾಸವಿರುವ ಬಾಡಿಗೆ ಸರ್ವರಿನಲ್ಲಿ ಆ 44ರ ವಿಳಾಸವನ್ನು ಇಳಿಸಿಕೊಂಡು, ಅಲ್ಲಿಂದ ಮನೆಗೆ ವೈರ್‌ಗಾರ್ಡ್ ಎಂಬ ಗೂಢಲಿಪಿಯ ಸುರಂಗ ಎಳೆಯಬೇಕು. ರಿಪೀಟರ್, ಹವಾಮಾನ ಕೇಂದ್ರ, ಎಪಿಆರ್‌ಎಸ್ (ರೇಡಿಯೋದಲ್ಲಿ ಸ್ಥಳ ಮಾಹಿತಿ ಕಳಿಸುವ ವ್ಯವಸ್ಥೆ) ಎಲ್ಲವನ್ನೂ ನಡೆಸುವ ಕ್ಲಬ್ಬಿಗೆ ಈ ಶ್ರಮ ಸಾರ್ಥಕ. ಒಂದೇ ನೋಡಿಗೆ ಇದು ಅತಿಯಾಯಿತು.

ಉತ್ತರ 3 (ಶ್ರೀರಂಗಪಟ್ಟಣ)
ಹೇಗೂ ಸರ್ವರ್ ಬಾಡಿಗೆಗೆ ಪಡೆಯುವುದಾದರೆ, ಅದರಲ್ಲಿ ಎಕೋಲಿಂಕ್ ಪ್ರಾಕ್ಸಿಯನ್ನೇ ಸ್ಥಾಪಿಸಿ ನಿಮ್ಮದೇ ಪಾಸ್‌ವರ್ಡ್ ಇಟ್ಟರೆ ಬೇರೆಯವರು ಅದನ್ನು ಹಿಡಿಯುವ ತೊಂದರೆಯೇ ಇರುವುದಿಲ್ಲ. ಮನೆಯ ಪೈ ಟಿಸಿಪಿ 8100ರ ಮೂಲಕ ತಾನೇ ಹೊರಗೆ ಹೋಗಿ ಸಂಪರ್ಕ ಬೆಳೆಸುವುದರಿಂದ ಸುರಂಗವೂ ಬೇಡ, ಸ್ಥಿರ ಐಪಿಯೂ ಬೇಡ; ಎಸ್‌ವಿಎಕ್ಸ್‌ಲಿಂಕ್‌ನಲ್ಲಿ ಪ್ರಾಕ್ಸಿಯ ವಿಳಾಸ, ಪೋರ್ಟ್ ಮತ್ತು ಪಾಸ್‌ವರ್ಡ್ ತುಂಬಿದರಾಯಿತು. 5198 ಮತ್ತು 5199ನ್ನು ಸರ್ವರಿನ ಫೈರ್‌ವಾಲಿನಲ್ಲಿ ತೆರೆಯಿರಿ. ಧ್ವನಿ ತಡವಾಗದಂತೆ ಸರ್ವರ್ ಬೆಂಗಳೂರು ಅಥವಾ ಮುಂಬೈಯಲ್ಲಿರಲಿ.

ಪ್ರಶ್ನೆ ಕೇಳಿದವರು
ಧನ್ಯವಾದಗಳು, ಮೊದಲು ಪ್ರಾಕ್ಸಿಯನ್ನೇ ಮಾಡುತ್ತೇನೆ. ಮುಂದೆ ವೈರ್‌ಗಾರ್ಡ್ ಬಳಸಿದರೆ ಹ್ಯಾಮ್ ರೇಡಿಯೋದಲ್ಲಿರುವ ಗೂಢಲಿಪಿಯ ನಿಷೇಧ ಅಡ್ಡ ಬರುವುದೆ?

ಉತ್ತರ 2ರವರು
ಆ ನಿಷೇಧ ರೇಡಿಯೋ ಅಲೆಗಳ ಮೇಲಿನ ಪ್ರಸಾರಕ್ಕೆ ಸಂಬಂಧಿಸಿದ್ದು. ಫೈಬರಿನಲ್ಲಿ ಹೋಗುವ ಸುರಂಗಕ್ಕೆ ಅದು ತಗಲುವುದಿಲ್ಲ. ಆದರೆ ಅದೇ ವೈರ್‌ಗಾರ್ಡನ್ನು ಹ್ಯಾಮ್ ಬ್ಯಾಂಡಿನ ಡೇಟಾ ಲಿಂಕಿನ ಮೇಲೆ ಓಡಿಸಬೇಡಿ. ನೋಡನ್ನು ಗಾಳಿಗೆ ಬಿಡುವ ಮೊದಲು ನಿಮ್ಮ ಪರವಾನಗಿಯ ಷರತ್ತುಗಳನ್ನೂ ಒಮ್ಮೆ ಓದಿ.