ರಿಸೆಪ್ಷನ್ ಕೆಲಸಕ್ಕೆ ಮೈಬಣ್ಣ ನೋಡದೆ ಆಯ್ಕೆ ಮಾಡೋದು ಹೇಗೆ? ಗೊತ್ತಿರುವವರು ಹೇಳಿ

ಪ್ರಶ್ನೆ: ಖಾಸಗಿ ಆಸ್ಪತ್ರೆಯೊಂದರ ರಿಸೆಪ್ಷನ್‌ಗೆ 6 ಜನ ಬೇಕು, 240 ಅರ್ಜಿ ಬಂದಿವೆ. "ಫ್ರಂಟ್ ಆಫೀಸ್ ಅಲ್ವಾ, ಸ್ವಲ್ಪ ಬೆಳ್ಳಗೆ ಲಕ್ಷಣವಾಗಿರೋ ಹುಡುಗೀರನ್ನೇ ನೋಡಿ" ಅನ್ನೋದು ಮೇಲಿನವರ ಮಾತು. ಅರ್ಜಿಯಿಂದ ಫೋಟೊ ತೆಗೆಸಿದ್ದೇನೆ. ಆದರೂ ಇಂಟರ್‌ವ್ಯೂ ಮುಗಿದ ಮೇಲೆ ಉಳಿಯೋ ಪಟ್ಟಿ ಮೊದಲಿನ ಹಾಗೇ ಇದೆ. ಎಲ್ಲಿ ತಪ್ಪುತ್ತಿದೆ?

ನೇಮಕಾತಿ ವಿಭಾಗದವರು:
ಮೇಡಂ, ಫೋಟೊ ತೆಗೆಸಿದ್ದು ಒಳ್ಳೇದೇ. ಆದರೆ ಅದರಿಂದ ಭೇದ ಒಂದು ಮೆಟ್ಟಿಲು ಮುಂದಕ್ಕೆ ಹೋಗುತ್ತೆ ಅಷ್ಟೆ. ಅರ್ಜಿಯಲ್ಲೇ ಬೀಳಬೇಕಿದ್ದವರು ಇಂಟರ್‌ವ್ಯೂ ಕೋಣೆಯ ಬಾಗಿಲಲ್ಲಿ ಬೀಳ್ತಾರೆ. ಮುಖ ಕಾಣೋದಕ್ಕೆ ಮುಂಚೆ ಅಂಕ ಬರೆದು ಮುಗಿದಿರಬೇಕು, ಗುಟ್ಟು ಅಲ್ಲೇ ಇದೆ.

ಮೊದಲು ಕೆಲಸ ಏನು ಅಂತ ಬರೆದುಕೊಳ್ಳಿ. ರೋಗಿಯ ಹೆಸರು ನೋಂದಾಯಿಸೋದು, ಬಿಲ್‌ನಲ್ಲಿ ತಪ್ಪು ಹುಡುಕೋದು, ಕನ್ನಡದ ಜೊತೆ ಇನ್ನೊಂದು ಭಾಷೇಲಿ ದಾರಿ ಹೇಳೋದು, ಸಿಟ್ಟಾದ ಕಡೆಯವರನ್ನ ಸಮಾಧಾನ ಮಾಡೋದು. ನಾಲ್ಕಕ್ಕೂ ತಲಾ 5 ಅಂಕ, ಒಟ್ಟು 20. 1 ಅಂದ್ರೆ ಹೇಗಿರುತ್ತೆ, 3 ಅಂದ್ರೆ ಹೇಗೆ, 5 ಅಂದ್ರೆ ಹೇಗೆ ಅಂತ ಒಂದೊಂದು ಸಾಲು ಮೊದಲೇ ಬರೆದಿಡಿ. ಈ ಸಾಲುಗಳಿಲ್ಲದಿದ್ದರೆ ಅಂಕ ಅನ್ನೋದು ಇಷ್ಟ-ಕಷ್ಟದ ಇನ್ನೊಂದು ಹೆಸರು.

ಆಮೇಲೆ ಫೋನ್ ಸುತ್ತು: 12 ನಿಮಿಷ, ಎಲ್ಲರಿಗೂ ಅದೇ 6 ಪ್ರಶ್ನೆ, ಅದೇ ಕ್ರಮ. ಉತ್ತರ ಬಂದ ಕೂಡಲೇ ಅಂಕ ಹಾಕಬೇಕು, ಕೊನೆಗೆ ನೆನಪಿನಿಂದ ಹಾಕಬಾರದು. ಆ ಹಾಳೆ ಲಾಕ್ ಆದ ಮೇಲೇ ನೇರ ಇಂಟರ್‌ವ್ಯೂ. ಅಲ್ಲಿ ಇಬ್ಬರು ಕೂತು, ಮಾತಾಡಿಕೊಳ್ಳದೆ ಬೇರೆ ಬೇರೆ ಬರೆಯಬೇಕು. ಇಬ್ಬರ ಮಧ್ಯೆ 4 ಅಂಕಕ್ಕಿಂತ ಹೆಚ್ಚು ಅಂತರ ಬಂದರೆ ಮಾತ್ರ ಚರ್ಚೆ.

ಈಗ ಎರಡು ಅಂಕವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಣ್ಣಿಗೆ ಬೀಳೋದು ಇಂಥ ಸಾಲು: "ಅಭ್ಯರ್ಥಿ 117: ಫೋನ್ 17, ಎದುರು 11, ಷರಾ: ಪ್ರೆಸೆಂಟೇಬಲ್ ಅಲ್ಲ." ಈ ಷರಾವನ್ನ ಒಪ್ಪಿಕೊಳ್ಳಲೇಬೇಡಿ. ಇಸ್ತ್ರಿ ಇಲ್ಲದ ಬಟ್ಟೆಯಾ? ಬಾಚದ ತಲೆಯಾ? ಹಾಗಾದರೆ ಅದನ್ನೇ ಬರೆಯಲಿ. ಯೂನಿಫಾರಂ ಕೊಟ್ಟ ದಿನ ಅದು ಸರಿಹೋಗುತ್ತೆ. ಬರೆಯೋಕೆ ಏನೂ ಸಿಗದಿದ್ದರೆ ಅವರು ಕಳೆದಿದ್ದು ಮೈಬಣ್ಣಕ್ಕೆ.

ಅರ್ಜಿ ವಿಂಗಡಿಸುವವರು:
ಫೋಟೊ ಹೋದರೂ ಮುಖ ಬೇರೆ ದಾರೀಲಿ ಬರುತ್ತೆ. ನಂಬರ್ ಸೇವ್ ಮಾಡಿದ ತಕ್ಷಣ ವಾಟ್ಸ್ಆಪ್ ಡಿಪಿ ಕಾಣಿಸಬಹುದು. ಆದ್ದರಿಂದ ಆಫೀಸಿನ ಲ್ಯಾಂಡ್‌ಲೈನ್‌ನಿಂದ ಕರೆ ಮಾಡಿ. ಜಾಬ್ ಪೋರ್ಟಲ್‌ನಿಂದ ಇಳಿಸಿದ ಫೈಲ್‌ನಲ್ಲೂ ಫೋಟೊ ಇರಬಹುದು.

ಅಂಗಡೀಲಿ ಟೈಪ್ ಮಾಡಿಸೋ ಬಯೋಡೇಟಾ ಮದುವೆ ಬಯೋಡೇಟಾದ ಅಚ್ಚಿನಲ್ಲೇ ಇರೋದುಂಟು. ಎತ್ತರ, ಮೈಬಣ್ಣ, ಜಾತಿ, ತಂದೆ ಅಥವಾ ಗಂಡನ ಹೆಸರು, ಮದುವೆ ಆಗಿದೆಯಾ ಇಲ್ಲವಾ, ಎಲ್ಲಾ ಅದರಲ್ಲಿ ಬಂದುಬಿಡುತ್ತೆ. ಬಯೋಡೇಟಾ ಕೇಳೋದು ಬಿಟ್ಟು ನಿಮ್ಮದೇ ಫಾರಂ ಕೊಡಿ: ಓದು, ಭಾಷೆ, ಕಂಪ್ಯೂಟರ್, ಅನುಭವ, ಪಾಳಿ ಅನುಕೂಲ, ಇಷ್ಟೇ. ಹೆಸರು, ಊರು, ಫೋನ್ ನಂಬರ್ ಬೇರೆ ಶೀಟ್‌ಗೆ ಹೋಗಲಿ. ಆ ಶೀಟ್ ಕರೆ ಮಾಡುವವರ ಹತ್ತಿರ ಮಾತ್ರ ಇರಲಿ, ಅಂಕ ಹಾಕುವವರಿಗೆ ಕ್ರಮಸಂಖ್ಯೆ ಸಾಕು.

ಅಧ್ಯಯನ ಓದಿಕೊಂಡವರು:
ಹೆಸರು ಮುಚ್ಚೋದು ಯಾಕೆ ಮುಖ್ಯ ಅನ್ನೋದಕ್ಕೆ ಆಧಾರ ಗಟ್ಟಿಯಾಗಿದೆ. ಅರ್ಥಶಾಸ್ತ್ರಜ್ಞರಾದ ಬರ್ಟ್ರಂಡ್ ಮತ್ತು ಮುಲ್ಲೈನಾಥನ್ ಅಮೆರಿಕದ ಬಾಸ್ಟನ್, ಶಿಕಾಗೋಗಳಲ್ಲಿ ಸುಮಾರು 5,000 ನಕಲಿ ಅರ್ಜಿ ಕಳಿಸಿದರು, ಫಲಿತಾಂಶ 2004ರಲ್ಲಿ ಬಂತು. ಬಿಳಿಯರ ಹೆಸರಿದ್ದ ಅರ್ಜಿಗಳಲ್ಲಿ ಶೇ. 9.65ಕ್ಕೆ ಕರೆ ಬಂದರೆ ಕಪ್ಪು ಜನರ ಹೆಸರಿದ್ದವಕ್ಕೆ ಶೇ. 6.45. ಅರ್ಹತೆ ಒಂದೇ ಮಟ್ಟದ್ದು. ನಮ್ಮ ದೇಶದಲ್ಲಿ ಸಂಶೋಧಕರಾದ ಥೋರಟ್ ಮತ್ತು ಅಟ್ಟೆವೆಲ್ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿ 2007ರಲ್ಲಿ ಪ್ರಕಟಿಸಿದರು. ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಮೇಲ್ಜಾತಿ ಹೆಸರಿಗಿಂತ ಕಡಿಮೆ ಕರೆ ಬಂದವು.

ಆದರೆ ಮುಚ್ಚಿದರೆ ಸಾಕು ಅಂತ ನಂಬಬೇಡಿ. ಫ್ರಾನ್ಸಿನಲ್ಲಿ ಹೆಸರಿಲ್ಲದ ಅರ್ಜಿಯ ಪ್ರಯೋಗ ನಡೆದಾಗ, ಭಾಗವಹಿಸಿದ ಕಂಪನಿಗಳಲ್ಲಿ ವಲಸಿಗ ಹಿನ್ನೆಲೆಯವರಿಗೆ ಇಂಟರ್‌ವ್ಯೂ ಕರೆ ಇನ್ನೂ ಕಡಿಮೆಯಾಯಿತು. ಸಂಶೋಧಕರು ಕೊಟ್ಟ ಒಂದು ಕಾರಣ ಹೀಗಿದೆ: ಅಭ್ಯರ್ಥಿಯ ಹಿನ್ನೆಲೆ ಗೊತ್ತಿದ್ದಾಗ ಅರ್ಜಿಯ ಕೊರತೆಗಳನ್ನ ಸ್ವಲ್ಪ ಬಿಟ್ಟು ನೋಡ್ತಿದ್ದರು, ಮುಚ್ಚಿದ ಮೇಲೆ ಆ ರಿಯಾಯಿತಿಯೂ ಹೋಯಿತು. ಹಾಗಾಗಿ ಕೆಲಸಕ್ಕೆ ನಡುವೆ ಒಂದೆರಡು ವರ್ಷ ಬಿಡುವು ಬಿದ್ದಿದ್ದರೆ ಅಂಕ ಕಳೀಬೇಡಿ. ಹೆರಿಗೆಗೆ ಬಿಟ್ಟ ಹೆಂಗಸರಿಗೆ ಮೊದಲು ಹೊಡೆತ ಬೀಳೋದು ಅಲ್ಲೇ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. "ತಗೊಳ್ತಿರೋದು ಹೆಂಗಸರನ್ನೇ, ಹಾಗಿರುವಾಗ ಭೇದ ಎಲ್ಲಿ ಬಂತು?" ಅಂತ ಮೇಲಿನವರು ಕೇಳ್ತಾರೆ. ಕಾನೂನು ಏನು ಹೇಳುತ್ತೆ?

ಕಾರ್ಮಿಕ ಕಾನೂನು ವಕೀಲರು:
ಇದೇ ವಾದವನ್ನು 1976ರಲ್ಲಿ ಅಮೆರಿಕದ ನ್ಯಾಯಾಲಯ ಒಪ್ಪಿತ್ತು. ಜನರಲ್ ಮೋಟರ್ಸ್ ವಿರುದ್ಧ ಕಪ್ಪು ಮಹಿಳೆಯರು ದಾವೆ ಹೂಡಿದಾಗ, ಕಂಪನಿಯಲ್ಲಿ ಮಹಿಳೆಯರೂ ಇದ್ದರು, ಕಪ್ಪು ಜನರೂ ಇದ್ದರು. ಆದರೆ ಆ ಮಹಿಳೆಯರು ಬಿಳಿಯರು. ಕಪ್ಪು ಮಹಿಳೆಯರು ಎಂಬ, ಎರಡೂ ಸೇರಿದ ವರ್ಗಕ್ಕೆ ಬೇರೆ ರಕ್ಷಣೆ ಇಲ್ಲ ಎಂದಿತು ನ್ಯಾಯಾಲಯ. ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ಬಯಲಿಗೆಳೆದದ್ದು ಈ ಕುರುಡುತನವನ್ನೇ. ನಿಮ್ಮ ಪಟ್ಟಿಯನ್ನೂ ಹೆಂಗಸರೆಷ್ಟು ಎಂದು ಎಣಿಸಿ ಬಿಡಬೇಡಿ. ಹೆಂಗಸರಲ್ಲಿ ಯಾರು ಉಳಿದರು, ಯಾರು ಬಿದ್ದರು ಎಂದು ನೋಡಿ.

ನಮ್ಮಲ್ಲಿ ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗಕ್ಕೆ ಅನ್ವಯಿಸುತ್ತದೆ. ಅದರ ಪಟ್ಟಿಯಲ್ಲಿ ಜನಾಂಗ, ಜಾತಿ, ಲಿಂಗ ಇವೆ, ಮೈಬಣ್ಣ ಎಂಬ ಪದವಿಲ್ಲ. ಖಾಸಗಿ ನೇಮಕಾತಿಯಲ್ಲಿ ಲಿಂಗಭೇದವನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು, ಈಗ ಆ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ. ಲಿಂಗತ್ವ ಅಲ್ಪಸಂಖ್ಯಾತರನ್ನು ನೇಮಕಾತಿಯಲ್ಲಿ ದೂರವಿಡುವುದನ್ನು 2019ರ ಪ್ರತ್ಯೇಕ ಕಾಯ್ದೆ ತಡೆಯುತ್ತದೆ. ಆದ್ದರಿಂದ "ಹುಡುಗಿಯರು ಮಾತ್ರ" ಎಂಬ ಸಾಲು ಜಾಹೀರಾತಿನಲ್ಲಿ ಇರಕೂಡದು. ಬಣ್ಣದ ವಿಷಯದಲ್ಲಿ ಕಾನೂನು ದುರ್ಬಲ, ಅದಕ್ಕೇ ನಿಮ್ಮ ಅಂಕಪಟ್ಟಿ ಗಟ್ಟಿಯಾಗಿರಬೇಕು.

ಅಮೆರಿಕದಲ್ಲಿ ಕೆಲಸ ಹುಡುಕುತ್ತಿರುವ ಕನ್ನಡಿಗರಿಗೆ ಒಂದು ಮಾತು. ಅಲ್ಲಿನ 1964ರ ನಾಗರಿಕ ಹಕ್ಕು ಕಾಯ್ದೆಯಲ್ಲಿ ಜನಾಂಗ ಬೇರೆ, ಬಣ್ಣ ಬೇರೆ. ಸಂದರ್ಶಿಸಿದವರೂ ಭಾರತೀಯರೇ ಆಗಿದ್ದರೂ ಬಣ್ಣದ ಮೇಲೆ ದೂರು ಕೊಡಬಹುದು. ಸಂಸ್ಥೆಯಲ್ಲಿ ಕನಿಷ್ಠ 15 ನೌಕರರಿರಬೇಕು. ದೂರಿಗೆ 180 ದಿನ ಗಡುವು, ರಾಜ್ಯದ ಅಥವಾ ಸ್ಥಳೀಯ ಸಂಸ್ಥೆಯ ಕಾನೂನೂ ಅದನ್ನು ನಿಷೇಧಿಸಿದ್ದರೆ 300 ದಿನ.

ವಿಡಿಯೊ ಇಂಟರ್‌ವ್ಯೂ ನಡೆಸುವವರು:
ಫೋನ್ ಸುತ್ತಿನ ಬದಲು ವಿಡಿಯೊ ಬೇಡ ಮೇಡಂ. ಬೆನ್ನ ಹಿಂದೆ ಕಿಟಕಿ ಇದ್ದರೆ ಕ್ಯಾಮೆರಾ ಕಿಟಕಿಯ ಬೆಳಕಿಗೆ ಹೊಂದಿಕೊಂಡು ಮುಖ ಕತ್ತಲಾಗುತ್ತೆ. ಕಪ್ಪು ಮೈಬಣ್ಣದವರ ಕಣ್ಣು, ನಗು ಯಾವುದೂ ಕಾಣಲ್ಲ, ನೋಡಿದವರು "ಮಂಕಾಗಿದ್ದಾರೆ" ಅಂತ ಬರೀತಾರೆ. ವಿಡಿಯೊ ಮಾಡಲೇಬೇಕಾದರೆ ಕಿಟಕಿಗೆ ಮುಖ ಮಾಡಿ ಕೂರಲು ಎಲ್ಲರಿಗೂ ಮೊದಲೇ ತಿಳಿಸಿ.

ಮುಖ ನೋಡಿ ಅಂಕ ಕೊಡೋ ಸಾಫ್ಟ್‌ವೇರ್ ಅಂತೂ ಬೇಡವೇ ಬೇಡ. ಸಂಶೋಧಕರಾದ ಬುಲಂವಿನಿ ಮತ್ತು ಗೆಬ್ರು 2018ರಲ್ಲಿ ಮೂರು ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷಿಸಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳೋದರಲ್ಲಿ ಬಿಳಿ ಮೈಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ. 0.8ರವರೆಗೆ, ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೆ ಇತ್ತು.

ನೇಮಕಾತಿ ವಿಭಾಗದವರು:
ಮೇಲಿನವರಿಗೆ ವಾದಕ್ಕಿಂತ ಲೆಕ್ಕ ತೋರಿಸಿ ಮೇಡಂ. 6 ಜನ ಸೇರಿದ ಮೇಲೆ 3 ತಿಂಗಳು ಮೂರೇ ಮೂರು ಬರೆದಿಡಿ: ಒಬ್ಬ ರೋಗಿಯ ನೋಂದಣಿಗೆ ಹಿಡಿದ ನಿಮಿಷ, ಬಿಲ್ ತಿದ್ದಿದ ಸಲ, ಬಂದ ದೂರು. ಫೋನ್ ಅಂಕದ ಜೊತೆ ಒಂದು ಸಲ, ಎದುರಿನ ಅಂಕದ ಜೊತೆ ಇನ್ನೊಂದು ಸಲ ಹೋಲಿಸಿ. ಆರೇ ಜನರಿಂದ ಏನೂ ಸಾಬೀತಾಗಲ್ಲ, ಹಾಗಾಗಿ ಮುಂದಿನ ಎರಡು ನೇಮಕಾತಿಯ ಅಂಕಗಳನ್ನೂ ಅದೇ ಶೀಟ್‌ಗೆ ಸೇರಿಸ್ತಾ ಹೋಗಿ.