ಕೇಳಲು ಏನೂ ಇಲ್ಲದಾಗ ಪ್ರಾರ್ಥನೆ ಯಾಕೆ? – ಓದುಗರ ಸ್ಪಂದನ

(ಮೈಸೂರಿನ ಸೋದರಿಯೊಬ್ಬರು ಬರೆದಿದ್ದರು: "ಮನೆಯಲ್ಲಿ ಈಗ ಯಾವ ಕಷ್ಟವೂ ಇಲ್ಲ. ಜಪಸರ ಹಿಡಿದರೆ ನಿದ್ದೆ ಬರುತ್ತದೆ. ಕೇಳಿಕೊಳ್ಳಲು ಏನೂ ಇಲ್ಲದಾಗ ದಿನಾ ಯಾಕೆ ಪ್ರಾರ್ಥಿಸಬೇಕು?")

ಅಕ್ಕಾ, ನಿಮ್ಮ ಪತ್ರ ಓದಿ ನಮ್ಮ ಗದ್ದೆ ನೆನಪಾಯಿತು. ನಾಲೆಗೆ ನೀರು ಬಿಟ್ಟಾಗ ನಮ್ಮ ಸರದಿ ಎಷ್ಟೋ ಸಲ ರಾತ್ರಿ ಬರುತ್ತದೆ. ಒಂದು ರಾತ್ರಿ ನೀರು ಕಟ್ಟಿ, ಗದ್ದೆ ತುಂಬಿತು, ಇನ್ನೇನು ಅಂತ ತೆಂಗಿನ ಬುಡದಲ್ಲಿ ಸುಮ್ನೆ ಒರಗಿದೆ. ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು, ಗದ್ದೆಯಲ್ಲಿ ನೀರಿರಲಿಲ್ಲ. ತೆವರಿ ಬುಡದಲ್ಲಿ ಒಂದು ಏಡಿ ಬಿಲ. ಮೊದಲು ಸಣ್ಣಗೆ ಜಿನುಗಿ, ಮಣ್ಣು ಕೊಚ್ಚಿಕೊಂಡು, ನನ್ನ ತೋಳು ತೂರುವಷ್ಟಾಗಿತ್ತು. ನಡುವೆ ಎದ್ದು ಒಂದು ಸುತ್ತು ಬಂದಿದ್ದರೆ ಒಂದು ಹಿಡಿ ಕೆಸರು ಸಾಕಿತ್ತು.

ನನಗೂ ತಮ್ಮನಿಗೂ ಮಾತು ಬಿಟ್ಟಿದ್ದು ಜಮೀನಿನ ವಿಷಯಕ್ಕೆ ಅಂತ ಊರವರು ತಿಳಿದಿದ್ದಾರೆ. ಅದು ಶುರುವಾಗಿದ್ದು ಅವನ ಹೊಸ ಟ್ರ್ಯಾಕ್ಟರ್ ನೋಡಿ ನನ್ನ ಹೊಟ್ಟೆಯೊಳಗೆ ಚುರುಕ್ ಅಂದ ದಿನ. ಆ ವರ್ಷ ಕಬ್ಬು ಚೆನ್ನಾಗಿ ಬಂದಿತ್ತು, ನಿಮ್ಮ ಹಾಗೇ ನನಗೂ ಕೇಳಲು ಏನೂ ಇರಲಿಲ್ಲ, ಪ್ರಾರ್ಥನೆ ಬಿಟ್ಟಿದ್ದೆ.

ಹಿಡಿದುಕೊಡಲ್ಪಟ್ಟ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ತಮ್ಮ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರಿಗೆ ಹೇಳಿದ್ದು ಶೋಧನೆಗೆ (ಪಾಪದ ಸೆಳೆತಕ್ಕೆ) ಬೀಳದ ಹಾಗೆ ಎಚ್ಚರವಾಗಿದ್ದು ಪ್ರಾರ್ಥಿಸಿ ಅಂತ, ಅಂದರೆ ಶೋಧನೆ ಬರುವ ಮುಂಚೆ. ಮೂರು ಸಲ ಬಂದು ನೋಡಿದಾಗಲೂ ಅವರು ಮಲಗಿದ್ದರು. ಕೋಳಿ ಕೂಗುವ ಹೊತ್ತಿಗೆ ಪೇತ್ರ, ಯೇಸು ಯಾರೋ ನನಗೆ ಗೊತ್ತಿಲ್ಲ ಅಂದಿದ್ದ. ಸೈತಾನ ಗರ್ಜಿಸುವ ಸಿಂಹದ ಹಾಗೆ ಸುತ್ತುತ್ತಿದ್ದಾನೆ, ಎಚ್ಚರವಾಗಿರಿ ಅಂತ ಇರುವುದು ಅದೇ ಪೇತ್ರನ ಮೊದಲನೇ ಪತ್ರದ 5ನೇ ಅಧ್ಯಾಯದಲ್ಲಿ. ನಿದ್ದೆ ಮಾಡಿ ಸೋತವನ ಮಾತು ಅದು, ಅದಕ್ಕೇ ನನಗೆ ನಾಟುತ್ತದೆ.

ಈಗ ಮಲಗುವ ಮುಂಚೆ ಮನಸ್ಸಿನ ತೆವರಿ ಮೇಲೆ ಒಂದು ಸುತ್ತು ಬರುತ್ತೇನೆ. ಇವತ್ತು ಯಾರನ್ನು ನೋಡಿ ಉರಿದೆ, ಎಲ್ಲಿ ಸುಳ್ಳಾಡಿದೆ ಅಂತ ಹೆಸರು ಹಿಡಿದೇ ಸ್ವಾಮಿಗೆ ಹೇಳುತ್ತೇನೆ. ಐದು ನಿಮಿಷ, ಅಷ್ಟೇ. ಹೋದ ತಿಂಗಳು ತಮ್ಮನ ಮನೆಗೆ ಹೋಗಿ ಕಾಫಿ ಕುಡಿದು ಬಂದೆ. ಇನ್ನೂ ಪೂರ್ತಿ ಸರಿಹೋಗಿಲ್ಲ.
– ರೈತ, ಮಂಡ್ಯ

ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್) ಸಭೆಯವಳು, ಜಪಸರ ರೂಢಿಯಿಲ್ಲ. ಕಷ್ಟ ಇಲ್ಲ ಅಂದಿರಲ್ಲ, ಅದನ್ನೇ ಕರ್ತನಿಗೆ ಹೇಳಿ ಸ್ತೋತ್ರ ಮಾಡಿ. ಕೊಲೊಸ್ಸೆಯವರಿಗೆ ಬರೆದ ಪತ್ರ 4:2ರಲ್ಲಿ ಎಚ್ಚರ, ಕೃತಜ್ಞತೆ ಎರಡೂ ಒಂದೇ ವಾಕ್ಯದಲ್ಲಿವೆ, ತೆಗೆದು ಓದಿ.
– ನಿವೃತ್ತ ಶಿಕ್ಷಕಿ, ಮೈಸೂರು

ನಿದ್ದೆ ಬಗ್ಗೆ ಒಂದು ಮಾತು. ನಾನು ನರ್ಸ್, ರಾತ್ರಿ ಪಾಳಿ ಜಾಸ್ತಿ. ಸುಸ್ತಾದ ಮೈಯನ್ನು ಬೈದುಕೊಳ್ಳಬೇಡಿ. ಮನಸ್ಸಿದ್ದರೂ ದೇಹಕ್ಕೆ ಬಲ ಸಾಲದು ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ, ಅಲ್ವಾ? ಹಾಸಿಗೆ ಮೇಲೆ ಕೂತು ಜಪಸರ ಹಿಡಿಯಬೇಡಿ, ನಡೆಯುತ್ತಾ ಹೇಳಿ. ವಾರ್ಡಿನಲ್ಲಿ ಒಬ್ಬೊಬ್ಬರ ಡ್ರಿಪ್ ನೋಡುವಾಗ "ಸ್ವಾಮಿ, ಇವರನ್ನು ನೋಡಿಕೋ, ನನ್ನನ್ನೂ ನೋಡಿಕೋ" ಅನ್ನುತ್ತೇನೆ. ಬೆಳಗಿನ ಜಾವ 4 ಗಂಟೆಗೆ ಯಾರಾದರೂ ಕರೆದರೆ ಸಿಡುಕು ಬರುತ್ತದೆ, ಆಗಲೇ ಅದು ಬೇಕಾಗುವುದು.

ಇನ್ನೊಂದು. ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ರಾತ್ರಿ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಮುಗಿದ ಮೇಲೆ ಪರಮಪ್ರಸಾದದ (ಪವಿತ್ರಗೊಳಿಸಿದ ರೊಟ್ಟಿಯ) ಮುಂದೆ ಜನ ಕೂತಿರುತ್ತಾರಲ್ಲ, ಈ ಸಲ ಒಂದು ಗಂಟೆ ನೀವೂ ಕೂತುಕೊಳ್ಳಿ. ಏನೂ ಕೇಳಬೇಡಿ. ಗೆತ್ಸೆಮನೆ ತೋಟದಲ್ಲಿ ಕೇಳಿದ್ದು ಯೇಸುಸ್ವಾಮಿ, ನನ್ನ ಜೊತೆ ಒಂದು ಗಂಟೆ ಎಚ್ಚರವಾಗಿರಲು ಆಗಲಿಲ್ಲವಾ ಅಂತ.
– ನರ್ಸ್, ಮೈಸೂರು