ಅಗ್ಗದ ಬೇಸ್‌ಗೆ ಹೊಸ ಪಿಕಪ್: ಹಾಕಿಸಿದರೆ ಪ್ರಯೋಜನ ಇದೆಯಾ?

ಕೆಳದನಿ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ನಾಲ್ಕು ತಂತಿಯ ಒಂದು ಅಗ್ಗದ ಬೇಸ್ ಗಿಟಾರ್ ಇದೆ. ಪಿ-ಜೆ ಮಾದರಿ. ಅಂದರೆ ನಡುವೆ ಎರಡು ತುಂಡಿನ ಪಿ ಪಿಕಪ್ (ತಂತಿಯ ಅಲುಗಾಟವನ್ನು ಕರೆಂಟಾಗಿಸುವ ಮ್ಯಾಗ್ನೆಟ್-ಕಾಯಿಲ್ ಜೋಡಣೆ), ಬ್ರಿಡ್ಜ್ (ತಂತಿಗಳ ಕೆಳತುದಿ ಕೂರುವ ಭಾಗ) ಪಕ್ಕ ಉದ್ದನೆಯ ಜೆ ಪಿಕಪ್. ಬ್ಯಾಟರಿ ಇಲ್ಲ, ಪೂರ್ತಿ ಪ್ಯಾಸಿವ್. ಎರಡು ವಾಲ್ಯೂಮ್, ಒಂದು ಟೋನ್. ನೆಕ್ ತುಂಬ ಚೆನ್ನಾಗಿದೆ, ಕೈಗೆ ಒಗ್ಗಿಬಿಟ್ಟಿದೆ. ಮಾರೋಕೆ ಮನಸ್ಸಿಲ್ಲ.

ತೊಂದರೆ ಇರುವುದು ಸದ್ದಿನಲ್ಲಿ. ಒಬ್ಬನೇ ಕೂತು ನುಡಿಸಿದರೆ ಪರವಾಗಿಲ್ಲ. ಡ್ರಮ್ಮು, ಎರಡು ಗಿಟಾರು ಸೇರಿದ ಕೂಡಲೇ ನಾನು ಮಾಯ. ಕೆಳಗಿನ ಇ ತಂತಿ ಬರೀ ಗುಡುಗುಡು ಅನ್ನುತ್ತದೆ, ಯಾವ ಸ್ವರ ಅಂತಲೇ ಗೊತ್ತಾಗುವುದಿಲ್ಲ. ಎರಡೂ ವಾಲ್ಯೂಮ್ ಪೂರ್ತಿ ತೆರೆದರೆ ಸದ್ದು ದಪ್ಪ ಆಗಬೇಕಲ್ವಾ? ಇಲ್ಲಿ ತೆಳ್ಳಗಾಗುತ್ತದೆ. ಜೆ ಒಂದನ್ನೇ ಇಟ್ಟರೆ ಗುಂಯ್ ಅಂತ ಹಮ್ ಬೇರೆ.

ಪಿಕಪ್ ಬದಲಿಸೋಣ ಅಂತಿದ್ದೇನೆ. ವಿಲ್ಕಿನ್ಸನ್, ಆರ್ಟೆಕ್ ಥರದ ಕಂಪನಿಯವು ಕೈಗೆಟುಕುತ್ತವೆ. ಸ್ವಲ್ಪ ಕಾದರೆ ಸೀಮೋರ್ ಡಂಕನ್ ಅಥವಾ ಡಿಮಾರ್ಜಿಯೋ ಕೂಡ ಆದೀತು. ಸೆರಾಮಿಕ್ ಮ್ಯಾಗ್ನೆಟ್ಟಿನದು ತಗೋಬೇಕಾ, ಆಲ್ನಿಕೋ ಮ್ಯಾಗ್ನೆಟ್ಟಿನದಾ? ಓಮ್ (ಕಾಯಿಲ್‌ನ ವಿದ್ಯುತ್ ತಡೆ) ಜಾಸ್ತಿ ಇದ್ದರೆ ಸದ್ದೂ ಜಾಸ್ತಿಯಾ? ಬೆಸುಗೆ ಹಾಕಲು ಬರುತ್ತದೆ.

ತಾಳ ತಪ್ಪಿದವ:

ತಂತಿ ಬದಲಿಸಿ ಎಷ್ಟು ಕಾಲ ಆಯ್ತು? ಆಂಪ್‌ನಲ್ಲಿ (ಆಂಪ್ಲಿಫೈಯರ್) ಮಿಡ್, ಅಂದರೆ ನಡುವಿನ ಸದ್ದಿನ ನಾಬ್, ಎಲ್ಲಿಟ್ಟಿದ್ದೀರಿ? ಈ ಎರಡಕ್ಕೆ ಉತ್ತರ ಹೇಳದೆ ಪಿಕಪ್ ಹೆಸರು ಕೇಳುವವರೇ ಇಲ್ಲಿ ಜಾಸ್ತಿ.

ಕೆಳದನಿ:

ತಂತಿ ಬೇಸ್ ಜೊತೆ ಬಂದದ್ದೇ. ಮಿಡ್ ಕಡಿಮೆ, ಕೆಳಗಿನ ಸದ್ದಿನ ಬೇಸ್ ನಾಬ್ ಮುಕ್ಕಾಲು. ಬೈಬೇಡಿ.

ಬೆಸುಗೆ ಹೊಗೆ:

ಬೈಯುವುದೇನಿಲ್ಲ. ಆದರೆ ತಂತಿ ಬದಲಿಸದೆ ಪಿಕಪ್ ಬದಲಿಸುವುದು, ಕನ್ನಡಕ ಒರೆಸದೆ ನಂಬರ್ ಬದಲಿಸಿದ ಹಾಗೆ. ಮೊದಲು ನಿಕ್ಕಲ್ ರೌಂಡ್‌ವೌಂಡ್ (ಮೇಲೆ ದುಂಡು ವೈರ್ ಸುತ್ತಿದ) ತಂತಿ ಒಂದು ಸೆಟ್ ಹಾಕಿ. 45ರಿಂದ 105ರವರೆಗಿನ (ಇಂಚಿನ ಸಾವಿರದೊಂದು ಭಾಗದ ಲೆಕ್ಕ) ಮಾಮೂಲಿ ದಪ್ಪ ಸಾಕು. ಹಳೆಯ ತಂತಿಯ ಸುತ್ತಿನ ಸಂದಿಗಳಲ್ಲಿ ಬೆವರು, ಕೊಳೆ ತುಂಬಿ ಮೇಲಿನ ಸ್ವರಾಂಶಗಳೆಲ್ಲ ಸತ್ತುಹೋಗಿರುತ್ತವೆ. ಇ ತಂತಿಗೆ ಇದರ ಹೊಡೆತ ಎಲ್ಲಕ್ಕಿಂತ ಜಾಸ್ತಿ.

ಯಾಕೆ ಅಂದರೆ, ತೆರೆದ ಇ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಜ್. ಸಣ್ಣ ಆಂಪ್‌ನ ಸ್ಪೀಕರ್ ಅದನ್ನು ಸರಿಯಾಗಿ ಹೊರಗೆ ಹಾಕುವುದೇ ಇಲ್ಲ. ನಾವು 'ಇ' ಅಂತ ಗುರುತು ಹಿಡಿಯುವುದು 82, 123, ಅದಕ್ಕೂ ಮೇಲಿನ ಪಟ್ಟುಗಳಿಂದ. ನೀವು ಮಿಡ್ ಇಳಿಸಿ ಬೇಸ್ ಏರಿಸಿದ್ದೀರಿ. ಅಂದರೆ ಗುರುತು ಸಿಗುವ ಭಾಗವನ್ನು ಕತ್ತರಿಸಿ, ಸ್ಪೀಕರ್ ಕೈಯಲ್ಲಿ ಆಗದ ಭಾಗವನ್ನು ಒತ್ತಾಯ ಮಾಡುತ್ತಿದ್ದೀರಿ. ಬೇಸ್ ನಾಬ್ ಅರ್ಧಕ್ಕೆ ತನ್ನಿ. 400ರಿಂದ 800 ಹರ್ಟ್ಜ್ ಸುತ್ತಮುತ್ತ ಸ್ವಲ್ಪ ಎತ್ತಿ. ಒಬ್ಬರೇ ಕೇಳುವಾಗ ಮೂಗಿನಲ್ಲಿ ಹಾಡಿದ ಹಾಗಿರುತ್ತದೆ. ಡ್ರಮ್ ಶುರುವಾದ ಮೇಲೆ ಅದೇ ಸರಿ ಅನಿಸುತ್ತದೆ.

ಆಮೇಲೆ ಪಿಕಪ್ ಎತ್ತರ. ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ಅಡಿಯಿಂದ ಪಿಕಪ್‌ನ ಮೊಳೆಯ ತಲೆವರೆಗೆ ಅಳೆಯಿರಿ. ಇ ಕಡೆ ಸುಮಾರು 3 ಮಿ.ಮೀ., ಜಿ ಕಡೆ ಸುಮಾರು 2.5 ಮಿ.ಮೀ. ಇಟ್ಟು ಶುರು ಮಾಡಿ, ಅಲ್ಲಿಂದ ಮುಂದೆ ಕಿವಿ ಹೇಳಿದಂತೆ. ಬ್ರಿಡ್ಜ್ ಹತ್ತಿರ ತಂತಿ ಕಡಿಮೆ ಅಲುಗುತ್ತದೆ, ಅದಕ್ಕೆ ಜೆ ಪಿಕಪ್ ತುಸು ಮೇಲಿದ್ದರೂ ನಡೆಯುತ್ತದೆ. ತೀರಾ ಹತ್ತಿರ ತಂದರೆ ಮ್ಯಾಗ್ನೆಟ್ ತಂತಿಯನ್ನೇ ಎಳೆಯುತ್ತದೆ. ಆಗ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಓಲಾಡುತ್ತದೆ, ಟ್ಯೂನರ್ ಮುಳ್ಳು ನಿಲ್ಲುವುದಿಲ್ಲ.

ಇನ್ನೊಂದು, ಬೇಸನ್ನು ಆಂಪ್‌ಗೆ ಹಾಕದೆ ದೇಹದ ಮೇಲಿನ ಕೊಂಬಿಗೆ ಕಿವಿ ಒತ್ತಿ ಒಂದೊಂದೇ ಸ್ವರ ನುಡಿಸಿ ನೋಡಿ. ಮರದಲ್ಲೇ ಸ್ವರ ಬೇಗ ಸಾಯುತ್ತಿದ್ದರೆ ಯಾವ ಪಿಕಪ್ಪೂ ಅದನ್ನು ಬದುಕಿಸುವುದಿಲ್ಲ. ಮರದಲ್ಲಿ ಚೆನ್ನಾಗಿ ಕೇಳಿಸಿ ಆಂಪ್‌ನಲ್ಲಿ ಕೆಟ್ಟದಾಗಿದ್ದರೆ ಮಾತ್ರ ಪಿಕಪ್‌ಗೆ ದುಡ್ಡು ಹಾಕುವುದರಲ್ಲಿ ಅರ್ಥ ಇದೆ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಸೆರಾಮಿಕ್ ಅಂದರೆ ಕಳಪೆ, ಆಲ್ನಿಕೋ ಅಂದರೆ ಉತ್ತಮ ಅನ್ನುವುದು ಸುಮ್ನೆ ಮಾತು. ಒಳ್ಳೆಯ ಸೆರಾಮಿಕ್ ಪಿಕಪ್‌ಗಳು ಬೇಕಾದಷ್ಟಿವೆ. ನಿಜವಾದ ವ್ಯತ್ಯಾಸ ಒಳಗಿನ ಕಟ್ಟಡದಲ್ಲಿದೆ. ಆಲ್ನಿಕೋ ಪಿಕಪ್‌ನಲ್ಲಿ ಮೇಲೆ ಕಾಣುವ ಮೊಳೆಗಳೇ ಮ್ಯಾಗ್ನೆಟ್. ಅಗ್ಗದ ಪಿಕಪ್ ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ಆ ಮೊಳೆಗಳು ಬರೀ ಉಕ್ಕು. ಅವುಗಳ ಅಡಿಗೆ ಒಂದು ಕಪ್ಪು ಸೆರಾಮಿಕ್ ಪಟ್ಟಿ ಅಂಟಿಸಿರುತ್ತಾರೆ. ಉಕ್ಕಿನ ಸುತ್ತ ಸುತ್ತಿದ ಕಾಯಿಲ್‌ನ ಇಂಡಕ್ಟನ್ಸ್ ಜಾಸ್ತಿ, ಅದರಿಂದ ಮೇಲಿನ ಹೊಳಪು ತಗ್ಗುತ್ತದೆ. ನೀವು ಹೇಳುವ ಗುಡುಗುಡುವಿನಲ್ಲಿ ಇದರದ್ದೂ ಒಂದು ಪಾಲು ಇರಬಹುದು.

ಓಮ್ ಲೆಕ್ಕ ನಂಬಿ ಕೊಳ್ಳಬೇಡಿ. ಪಿ ಪಿಕಪ್ ಸಾಮಾನ್ಯವಾಗಿ 10-11 ಕಿಲೋ ಓಮ್, ಜೆ 7-8 ಕಿಲೋ ಓಮ್ ತೋರಿಸುತ್ತದೆ. ಸಣ್ಣ ವೈರ್ ಸುತ್ತಿದರೆ ಸುತ್ತು ಅಷ್ಟೇ ಇದ್ದರೂ ಓಮ್ ಏರುತ್ತದೆ, ಸದ್ದು ಏರುವುದಿಲ್ಲ.

ಎರಡೂ ತೆರೆದಾಗ ತೆಳ್ಳಗಾಗುವುದು ಮಾತ್ರ ಬೇರೆಯೇ ಕಥೆ. ಸ್ವಲ್ಪ ಟೊಳ್ಳು ಟೊಳ್ಳಾಗಿ ಕೇಳಿಸುವುದು ಸಹಜ. ಕೆಳಗಿನ ದಪ್ಪವೇ ಮಾಯವಾದರೆ ಎರಡು ಪಿಕಪ್‌ಗಳ ಫೇಸ್ ಉಲ್ಟಾ ಇದೆ. ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿದೆ. ಕೊಂಡಾಗಿನಿಂದಲೇ ಹೀಗಿರುವ ಬೇಸ್‌ಗಳೂ ಇರುತ್ತವೆ.

ದಪ್ಪ ಬೆರಳು:

ನಾನು ಬೇರೆ ಮಾತು ಹೇಳುತ್ತೇನೆ. ಪಿಕಪ್, ಪಾಟ್ (ನಾಬ್‌ನ ಅಡಿ ತಿರುಗುವ ಭಾಗ), ತಾಮ್ರದ ಟೇಪ್ ಅಂತ ಸುರಿಯುವ ದುಡ್ಡನ್ನು ಸೇರಿಸಿಟ್ಟುಕೊಂಡು ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಬೇಸ್ ತಗೊಳ್ಳಿ. ನಾಳೆ ಇದನ್ನು ಮಾರಲು ಹೋದರೆ ಹೊಸ ಪಿಕಪ್ ಇದೆ ಅಂತ ಯಾರೂ ಒಂದು ಪೈಸೆ ಜಾಸ್ತಿ ಕೊಡುವುದಿಲ್ಲ.

ಬೆಸುಗೆ ಹೊಗೆ:

ಮಾರುವ ಲೆಕ್ಕ ಸರಿ. ಅದಕ್ಕೇ ಹಳೆಯ ಪಿಕಪ್‌ಗಳನ್ನು ವೈರ್ ಉದ್ದ ಬಿಟ್ಟು ಬಿಚ್ಚಿ ಎತ್ತಿಡಬೇಕು. ಮಾರುವಾಗ ಹಳೆಯದನ್ನು ಹಾಕಿ ಕೊಡಿ, ಹೊಸದು ನಿಮ್ಮ ಜೊತೆ ಮುಂದಿನ ಬೇಸ್‌ಗೆ ಬರುತ್ತದೆ. ಆದರೆ ಇವರಿಗೆ ನೆಕ್ ಒಗ್ಗಿದೆಯಲ್ಲ. ಕೈಗೆ ಒಗ್ಗುವ ನೆಕ್ ಹುಡುಕುವುದು ಪಿಕಪ್ ಹುಡುಕುವುದಕ್ಕಿಂತ ಕಷ್ಟ. ನೆಕ್ ಸೊಟ್ಟ ಇದ್ದಿದ್ದರೆ ನಾನೂ ನಿಮ್ಮ ಪಕ್ಷವೇ.

ಕೆಳದನಿ:

ಹೊಸ ತಂತಿ ಹಾಕಿದೆ, ಎತ್ತರ ಸರಿ ಮಾಡಿದೆ, ಮಿಡ್ ಎತ್ತಿದೆ. ಇ ತಂತಿ ಈಗ ಸ್ವರ ಹೇಳುತ್ತಿದೆ! ಗಿಟಾರ್‌ನವನು ತಿರುಗಿ ನೋಡಿದ. ಕಿವಿ ಒತ್ತಿಯೂ ನೋಡಿದೆ, ಮರದಲ್ಲಿ ಎಲ್ಲ ಸ್ವರವೂ ಚೆನ್ನಾಗಿ ನಿಲ್ಲುತ್ತವೆ.

ಹಿಂದಿನ ಪ್ಲೇಟ್ ಬಿಚ್ಚಿದೆ. ಪಾಟ್‌ಗಳು ಸಣ್ಣವು, ಬಿ500ಕೆ ಅಂತ ಬರೆದಿದೆ. ಜೆ ಪಿಕಪ್‌ನಿಂದ ಕಪ್ಪು, ಬಿಳಿ ಎರಡೇ ವೈರ್ ಬರುತ್ತವೆ. ಎರಡೂ ತೆರೆದರೆ ಈಗಲೂ ದಪ್ಪ ಮಾಯ. ಫೇಸ್ ಉಲ್ಟಾ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಬೆಸುಗೆ ಹೊಗೆ:

ಮುಳ್ಳಿನ ಮಲ್ಟಿಮೀಟರ್ ಸಿಕ್ಕರೆ ಸುಲಭ. ಅತಿ ಕಡಿಮೆ ಡಿಸಿ ವೋಲ್ಟ್‌ಗೆ ಇಡಿ. ಬೇಸ್‌ಗೆ ಕೇಬಲ್ ಹಾಕಿ, ಇನ್ನೊಂದು ತುದಿಯ ಪ್ಲಗ್‌ನ ಮೂತಿಗೆ ಕೆಂಪು ಕಡ್ಡಿ, ಕೊಳವೆಗೆ ಕಪ್ಪು ಕಡ್ಡಿ ಹಿಡಿಸಿ. ಟೋನ್ ಪೂರ್ತಿ ತೆರೆದಿರಲಿ. ಪಿ ವಾಲ್ಯೂಮ್ ಪೂರ್ತಿ, ಜೆ ಸೊನ್ನೆ. ಸ್ಕ್ರೂಡ್ರೈವರ್‌ನ ಉಕ್ಕಿನ ತುದಿಯನ್ನು ಪಿ ಪಿಕಪ್‌ನ ಒಂದು ಮೊಳೆಗೆ ತಾಗಿಸಿ, ಫಕ್ಕನೆ ಎಳೆದುಬಿಡಿ. ಎಳೆಯುವ ಗಳಿಗೆಯಲ್ಲಿ ಮುಳ್ಳು ಒಂದು ಕಡೆಗೆ ಚೂರು ಜಿಗಿಯುತ್ತದೆ. ತೀರಾ ಚೂರು, ಕಣ್ಣಿಟ್ಟು ನೋಡಬೇಕು. ಈಗ ಪಿ ಸೊನ್ನೆ ಮಾಡಿ, ಜೆ ಪೂರ್ತಿ ತೆರೆದು ಅದೇ ಕೆಲಸ ಮಾಡಿ. ಮುಳ್ಳು ಎರಡು ಸಲವೂ ಒಂದೇ ಕಡೆ ಜಿಗಿದರೆ ಫೇಸ್ ಸರಿ. ಎದುರು ಬದುರಾದರೆ ಉಲ್ಟಾ. ಪಿ ಪಿಕಪ್‌ನ ಎರಡು ತುಂಡುಗಳಲ್ಲಿ ಮ್ಯಾಗ್ನೆಟ್ಟೂ ಎದುರು, ಸುತ್ತೂ ಎದುರು. ಹಾಗಾಗಿ ಯಾವ ತುಂಡಿಗೆ ತಾಗಿಸಿದರೂ ಮುಳ್ಳು ಒಂದೇ ಕಡೆ ಹೋಗಬೇಕು.

ಒಂದು ವಾಲ್ಯೂಮ್ ಸೊನ್ನೆ ಮಾಡಿದ ಕೂಡಲೇ ಇಡೀ ಬೇಸ್ ಮೌನವಾದರೆ ವೈರಿಂಗ್ ಬೇರೆ ರೀತಿ ಇದೆ ಅಂತ ಅರ್ಥ. ಎರಡು ಜೆ ಪಿಕಪ್ ಇರುವ ಫೆಂಡರ್ ಕಂಪನಿಯ ಜಾಝ್ ಬೇಸ್ ಪದ್ಧತಿಯಲ್ಲಿ ಪಿಕಪ್ ವೈರ್ ಪಾಟ್‌ನ ನಡುಗಾಲಿಗೆ ಬರುತ್ತದೆ, ಜ್ಯಾಕ್ ಕಡೆಗೆ ಹೋಗುವುದು ಪಕ್ಕದ ಕಾಲಿನಿಂದ. ಅದಲು ಬದಲಾದರೆ ಒಂದರ ಸೊನ್ನೆ ಇನ್ನೊಂದನ್ನೂ ನುಂಗುತ್ತದೆ.

ಉಲ್ಟಾ ಇದ್ದರೆ ಜೆ ಪಿಕಪ್‌ನ ಕಪ್ಪು, ಬಿಳಿ ಎರಡನ್ನೂ ಅದಲು ಬದಲು ಮಾಡಿ ಬೆಸೆಯಿರಿ. ಅಷ್ಟೇ, ಖರ್ಚು ಸೊನ್ನೆ. ಮೊದಲು ಪಿಕಪ್ ಅಡಿ ನೋಡಿ. ಲೋಹದ ತಗಡು ಇದ್ದು ಅದು ಕಪ್ಪು ವೈರ್‌ಗೆ ಸೇರಿದ್ದರೆ, ಆ ಕೊಂಡಿ ಬಿಡಿಸಿ ತಗಡಿಗೆ ಬೇರೆ ಅರ್ತ್ ವೈರ್ ಕೊಡಬೇಕು. ಇಲ್ಲದಿದ್ದರೆ ತಗಡೇ ಆಂಟೆನಾ ಆಗುತ್ತದೆ.

ಪಾಟ್ ಬೆನ್ನಿಗೆ ಬೆಸೆಯುವಾಗ ಅಲ್ಲಿ ಉಜ್ಜುಕಾಗದ ಆಡಿಸಿ, 40 ವಾಟ್‌ನ ಐರನ್‌ಗೆ ಅಗಲ ತುದಿ ಹಾಕಿ. ಸೂಜಿ ತುದಿ ಇಟ್ಟುಕೊಂಡು ಒದ್ದಾಡಿದರೆ ಬೆಸುಗೆ ಹಿಡಿಯುವ ಮೊದಲು ಪಾಟ್ ಒಳಗೆ ಬೆಂದುಹೋಗುತ್ತದೆ.

ತಾಳ ತಪ್ಪಿದವ:

ಸ್ಕ್ರೂಡ್ರೈವರ್ ಪರೀಕ್ಷೆ ಚೆನ್ನಾಗಿದೆ. ಆಂಪ್‌ಗೆ ಹಾಕಿಕೊಂಡು ಮಾತ್ರ ಮಾಡಬೇಡಿ, ಪಕ್ಕದ ಮನೆಯವರು ಬಂದು ಕೇಳುತ್ತಾರೆ.

ಕೆಳದನಿ:

ಎದುರು ಬದುರೇ ಇತ್ತು! ತಗಡು ಇರಲಿಲ್ಲ, ನೇರ ಅದಲು ಬದಲು ಮಾಡಿದೆ. ಈಗ ಎರಡೂ ತೆರೆದರೆ ನಿಜಕ್ಕೂ ಬೇಸ್ ಥರ ಇದೆ. ಪಿ ಪಿಕಪ್ ಬಗ್ಗೆ ದೂರೇ ಉಳಿದಿಲ್ಲ.

ಉಳಿದದ್ದು ಹಮ್. ಜೆ ಒಂದೇ ಇದ್ದಾಗ ಬರುತ್ತದೆ, ಎರಡೂ ತೆರೆದಾಗಲೂ ಇದೆ. ಜಾಝ್ ಬೇಸ್‌ನಲ್ಲಿ ಎರಡೂ ಪೂರ್ತಿ ತೆರೆದರೆ ಹಮ್ ಹೋಗುತ್ತದೆ ಅಂತಾರೆ. ನನ್ನದರಲ್ಲಿ ಯಾಕೆ ಹೋಗಲ್ಲ? ತಾಮ್ರದ ಟೇಪ್ ಅಂಟಿಸಲಾ?

ಬೆಸುಗೆ ಹೊಗೆ:

ಜಾಝ್ ಬೇಸ್‌ನ ಎರಡು ಪಿಕಪ್ ಜೋಡಿ. ಒಂದರ ಹಮ್ಮನ್ನು ಇನ್ನೊಂದು ಕೊಲ್ಲುತ್ತದೆ. ನಿಮ್ಮ ಪಿ ಪಿಕಪ್ ತನ್ನ ಎರಡು ತುಂಡುಗಳ ನಡುವೆಯೇ ಹಮ್ ಕೊಂದುಕೊಳ್ಳುತ್ತದೆ. ಫೆಂಡರ್‌ನವರು 1957ರಲ್ಲಿ ತಂದ ಈ ಎರಡು ತುಂಡಿನ ಕಟ್ಟಡದ ಚೆಂದವೇ ಅದು. ಆದರೆ ಜೆಗೆ ಸಹಾಯ ಮಾಡಲು ಅದರ ಹತ್ತಿರ ಏನೂ ಮಿಕ್ಕಿಲ್ಲ. ಜೆ ಒಂಟಿ, ಅದರ ಹಮ್ ಹಾಗೇ ಬರುತ್ತದೆ.

ಟೇಪ್ ಅಂಟಿಸುವ ಮೊದಲು ಹೀಗೆ ಮಾಡಿ. ಜೆ ಮಾತ್ರ ತೆರೆದು, ಬೇಸ್ ಹಾಕಿಕೊಂಡು ನಿಂತಲ್ಲೇ ನಿಧಾನವಾಗಿ ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಹಮ್ ತಗ್ಗಿ ಇನ್ನೊಂದರಲ್ಲಿ ಏರಿದರೆ, ಅದು ಕರೆಂಟ್ ಲೈನು, ಆಂಪ್‌ನ ಟ್ರಾನ್ಸ್‌ಫಾರ್ಮರ್ ಇವುಗಳ ಕಾಂತಕ್ಷೇತ್ರ. ತೆಳು ತಾಮ್ರಕ್ಕೆ ಅದು ಬಗ್ಗುವುದಿಲ್ಲ. ತಂತಿ ಮುಟ್ಟಿದ ಕೂಡಲೇ ಕಡಿಮೆಯಾಗುವ ಜರ್ರ್ ಸದ್ದಿಗೆ ಮಾತ್ರ ಟೇಪ್ ಮದ್ದು.

ಕೆಳದನಿ:

ತಿರುಗಿ ನೋಡಿದೆ. ಕಿಟಕಿ ಕಡೆ ಮುಖ ಮಾಡಿದರೆ ಹಮ್ ಬಹುತೇಕ ಇಲ್ಲ, ಆಂಪ್ ಕಡೆ ತಿರುಗಿದರೆ ಜೋರು. ತಂತಿ ಮುಟ್ಟಿದರೆ ಏನೂ ವ್ಯತ್ಯಾಸ ಇಲ್ಲ. ಅಂದರೆ ಜೆ ಪಿಕಪ್ ಒಂದನ್ನೇ ಬದಲಿಸಿದರೆ ಸಾಕಾ? ಪಾಟ್ ಕೂಡ 250ಕೆ ಮಾಡಿಸಬೇಕಾ?

ಬೆಸುಗೆ ಹೊಗೆ:

ಜೆ ಒಂದೇ ಸಾಕು. ಹಮ್ ಕ್ಯಾನ್ಸಲಿಂಗ್ ಅಥವಾ ನಾಯ್ಸ್‌ಲೆಸ್ ಅಂತ ಬರೆದಿರುವ ಜೆ ಅಳತೆಯ ಪಿಕಪ್ ತಗೊಳ್ಳಿ. ಕೆಲವದರಲ್ಲಿ ಒಂದರ ಕೆಳಗೆ ಒಂದು ಕಾಯಿಲ್, ಕೆಲವದರಲ್ಲಿ ಪಿ ಥರ ಎರಡೆರಡು ತಂತಿಗೆ ಒಂದೊಂದು. ಎರಡನೆಯದರ ಸದ್ದು ನನಗೆ ಜಾಸ್ತಿ ಇಷ್ಟ, ಅದು ರುಚಿಯ ಮಾತು.

ಪಾಟ್ ಸದ್ಯಕ್ಕೆ ಬಿಡಿ. 500ಕೆ (500 ಕಿಲೋ ಓಮ್) ಇದ್ದರೆ ಮೇಲಿನ ಹೊಳಪು ಸ್ವಲ್ಪ ಜಾಸ್ತಿ, ಅಷ್ಟೇ. ನಿಮಗೆ ಬೇಕಿರುವುದೂ ಅದೇ ಅಲ್ವಾ? ವಾಲ್ಯೂಮ್ ತಿರುಗಿಸುವಾಗ ತುಂಬ ಹೊತ್ತು ಏನೂ ಆಗದೆ ಕೊನೆಯಲ್ಲಿ ದಡಕ್ಕನೆ ಸತ್ತುಹೋಗುತ್ತಿದ್ದರೆ ಅದು 'ಬಿ' ಅಂದರೆ ಲೀನಿಯರ್ ಪಾಟ್‌ನ ಗುಣ. ಬೇಸರ ಬಂದ ದಿನ ಎ250ಕೆ ಹಾಕಿಕೊಳ್ಳಿ ('ಎ' ಅಂದರೆ ಕಿವಿಗೆ ಸಮವಾಗಿ ಏರಿಳಿಯುವ ಪಾಟ್). ದೊಡ್ಡ ಪಾಟ್ ತಂದರೆ ಮರದ ತೂತು ಸುಮಾರು 9.5 ಮಿ.ಮೀ.ಗೆ ಹಿಗ್ಗಿಸಬೇಕು, ಹಳೆಯ ನಾಬ್ ಕೂರದೆಯೂ ಹೋಗಬಹುದು. ಅದಕ್ಕೆ ಈಗಿನಷ್ಟೇ ಸಣ್ಣದನ್ನು ತನ್ನಿ.

ಆರ್ಡರ್ ಮಾಡುವ ಮೊದಲು ಜೆ ಕವರ್‌ನ ಉದ್ದ ಅಳೆಯಿರಿ. ನೆಕ್ ಕಡೆಯದು ಸುಮಾರು 92 ಮಿ.ಮೀ., ಬ್ರಿಡ್ಜ್ ಕಡೆಯದು ಸುಮಾರು 95 ಮಿ.ಮೀ. ಕಣ್ಣಿಗೆ ಒಂದೇ ಥರ ಕಾಣುತ್ತವೆ.

ಕೆಳದನಿ:

ಅಳೆದೆ. ಬ್ರಿಡ್ಜ್ ಪಕ್ಕದಲ್ಲೇ ಇದ್ದರೂ 92 ಇದೆ!

ಬೆಸುಗೆ ಹೊಗೆ:

ಅಗ್ಗದ ಬೇಸ್‌ಗಳಲ್ಲಿ ಇದು ಮಾಮೂಲು. ಹಾಗಾದರೆ ಡಬ್ಬಿಯ ಮೇಲೆ ನೆಕ್ ಅಂತ ಬರೆದಿರುವ ಅಳತೆಯದ್ದನ್ನೇ ತರಿಸಿ, ಇಲ್ಲದಿದ್ದರೆ ಗುಂಡಿ ಕೆರೆಯುತ್ತಾ ಕೂರಬೇಕಾಗುತ್ತದೆ. ಈಗಿನ ಪಿಕಪ್‌ನಲ್ಲಿ ಇ ಮತ್ತು ಜಿ ತಂತಿಗಳು ಮೊಳೆಗಳ ಸಾಲಿನಿಂದ ಹೊರಗೆ ಹೋಗುತ್ತಿಲ್ಲ ಅಂತಲೂ ನೋಡಿಕೊಳ್ಳಿ. ಹೊಸದರಲ್ಲಿ ಎರಡಕ್ಕಿಂತ ಜಾಸ್ತಿ ವೈರ್ ಇದ್ದರೆ, ಜೊತೆಗೆ ಬರುವ ಚೀಟಿಯಲ್ಲಿ ಯಾವೆರಡನ್ನು ಒಟ್ಟಿಗೆ ಬೆಸೆದು ಟೇಪ್ ಸುತ್ತಬೇಕು ಅಂತ ಇರುತ್ತದೆ. ಅಡಿಗೆ ಹೊಸ ಫೋಮ್ ತುಂಡು ಇಡಿ, ಹಳೆಯದು ಚಪ್ಪಟೆಯಾಗಿ ಪಿಕಪ್ಪನ್ನು ಎತ್ತುವ ಶಕ್ತಿ ಕಳಕೊಂಡಿರುತ್ತದೆ. ಸ್ಕ್ರೂ ಸಡಿಲವಾಗಿ ಸುತ್ತುತ್ತಿದ್ದರೆ ತೂತಿಗೆ ಮರದ ಅಂಟು ಹಚ್ಚಿದ ಹಲ್ಲುಕಡ್ಡಿ ತುರುಕಿ, ಒಣಗಿದ ಮೇಲೆ ತಿರುಗಿಸಿ.

ಕೊನೆಯ ಬೆಸುಗೆಗೆ ಮೊದಲು ಸ್ಕ್ರೂಡ್ರೈವರ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಬೇರೆ ಬೇರೆ ಕಂಪನಿಯ ಪಿಕಪ್ ಜೊತೆ ಹಾಕಿದಾಗ ಫೇಸ್ ಯಾವ ಕಡೆ ಇದೆ ಅಂತ ವೈರ್ ಬಣ್ಣ ನೋಡಿ ಹೇಳಲು ಬರುವುದಿಲ್ಲ.